ರೋಗಿಯನ್ನು ಶಿಫ್ಟ್ ಮಾಡುವಾಗ ಆಸ್ಪತ್ರೆ ಸಿಬ್ಬಂದಿ ಒಂದು ತಂಡವಾಗಿ ಕೆಲಸ ಮಾಡೋ ಹಾಗೆ ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಕೊಡಗಿನ ಆಸ್ಪತ್ರೆಯೊಂದರಲ್ಲಿ ಕ್ವಾಲಿಟಿ ವಿಭಾಗಕ್ಕೆ ಹೊಸದಾಗಿ ಸೇರಿದ್ದೀರಿ. ರೋಗಿಯನ್ನು ವಾರ್ಡಿನಿಂದ ವಾರ್ಡಿಗೆ ಸಾಗಿಸುವಾಗ, ಮೈಸೂರಿಗೋ ಮಂಗಳೂರಿಗೋ ಕಳಿಸುವಾಗ ಫಾರಂ ಎಲ್ಲ ತುಂಬಿರುತ್ತದೆ. ಆದರೂ ಏನಾದರೊಂದು ಎಡವಟ್ಟು ಆಗೇ ಆಗುತ್ತದೆ. ಯಾಕೆ, ಏನು ಮಾಡೋದು?

ಮೊದಲು ಆ ಫಾರಂ ಯಾವಾಗ ತುಂಬುತ್ತಾರೆ ಅಂತ ನೋಡಿ. ನಾನು ಈ ಜಿಲ್ಲೆಯ ಕ್ಯಾಶುವಾಲ್ಟಿ, ಐಸಿಯುಗಳಲ್ಲೇ ಸ್ಟಾಫ್ ನರ್ಸ್ ಆಗಿ ಬೆಳೆದವಳು. ಹೆಚ್ಚಿನ ಸಲ ಗಾಡಿ ಗೇಟು ದಾಟಿದ ಮೇಲೆ, ಡ್ಯೂಟಿ ಮುಗಿಯುವ ಹೊತ್ತಿಗೆ, ಒಂದೇ ಪೆನ್ನಿನಲ್ಲಿ ಮೇಲಿನಿಂದ ಕೆಳಗೆ ಟಿಕ್ ಬೀಳುತ್ತದೆ. ಹಾಗೆ ತುಂಬಿದ ಫಾರಂ ಇನ್‌ಸ್ಪೆಕ್ಷನ್‌ಗೆ ಉಪಯೋಗ, ರೋಗಿಗೆ ಅಲ್ಲ.

ನನ್ನ ಅನುಭವದಲ್ಲಿ ಎಡವಟ್ಟಿನ ಸುಳಿವು ಯಾರಿಗಾದರೂ ಒಬ್ಬರಿಗೆ ಮೊದಲೇ ಸಿಕ್ಕಿರುತ್ತದೆ. ಆ ಒಬ್ಬರು ಸಾಮಾನ್ಯವಾಗಿ ಆಯಾ, ಅಟೆಂಡರ್ ಅಥವಾ ಆಂಬುಲೆನ್ಸ್ ಓಡಿಸುವವರು. ಅವರು ಬಾಯಿ ಬಿಡುವುದಿಲ್ಲ. ಬಿಟ್ಟರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಟೀಮ್‌ವರ್ಕ್ ತರಬೇಕು ಅಂದರೆ ಇಲ್ಲಿ ಕೈ ಹಾಕಬೇಕು.

ಒಂದು ಘಟನೆ ಹೇಳುತ್ತೇನೆ. ಆಸ್ಪತ್ರೆ ಯಾವುದು ಅನ್ನೋದು ಬೇಡ. ಉಸಿರಾಟದ ತೊಂದರೆಯ ರೋಗಿ, ನಿಮಿಷಕ್ಕೆ 10 ಲೀಟರ್ ಆಕ್ಸಿಜನ್ ಮೇಲಿದ್ದರು. ಮೈಸೂರಿಗೆ ರೆಫರ್ ಆಯಿತು. ಟ್ರಾಲಿ ತಳ್ಳುತ್ತಿದ್ದ ಅಟೆಂಡರ್ ಸಿಲಿಂಡರಿನ ಮೀಟರ್ ನೋಡಿ "ಸಿಸ್ಟರ್, ಮುಳ್ಳು ಅರ್ಧಕ್ಕೆ ಬಂದಿದೆ" ಅಂದರು. "ಗಾಡಿಯಲ್ಲಿ ನೋಡ್ಕೋತಾರೆ, ನೀನು ತಳ್ಳು ಮಾರಾಯ" ಅಂತ ಉತ್ತರ ಬಂತು. ಗಾಡಿಯಲ್ಲಿ ಇನ್ನೊಂದು ಸಿಲಿಂಡರ್ ಇರಲಿಲ್ಲ. ಪಿರಿಯಾಪಟ್ಟಣದ ಹತ್ತಿರ ಆಕ್ಸಿಜನ್ ಮುಗಿಯಿತು. ಅಲ್ಲಿನ ಆಸ್ಪತ್ರೆಗೆ ನುಗ್ಗಿಸಿ ಬೇರೆ ಸಿಲಿಂಡರ್ ಹಾಕಿಸಿಕೊಂಡು ಮುಂದೆ ಹೋದರು. ರೋಗಿ ಉಳಿದರು, ಪುಣ್ಯ. ಮರುದಿನ ವಿಚಾರಣೆ ನಡೆದದ್ದು ಸಹಿ ಯಾರದು ಅಂತ. ಮುಳ್ಳು ನೋಡಿದ ಅಟೆಂಡರನ್ನು ಯಾರೂ ಕರೆದೇ ಇಲ್ಲ.

ಲೆಕ್ಕ ಕಷ್ಟದ್ದೇನೂ ಅಲ್ಲ. ನಾವು ಬಳಸುವ ಬಿ ಟೈಪ್ ಸಿಲಿಂಡರಿನ ಒಳಗಿನ ಜಾಗ ಸುಮಾರು 10 ಲೀಟರ್. ಪೂರ್ತಿ ತುಂಬಿದಾಗ ಒತ್ತಡ ಸುಮಾರು 150 ಬಾರ್. ಎರಡನ್ನೂ ಗುಣಿಸಿದರೆ 1500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 150 ನಿಮಿಷ, ಅಂದರೆ ಎರಡೂವರೆ ಗಂಟೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಳೆಗಾಲದಲ್ಲಿ ಮೂರು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಅಂದಮೇಲೆ ತುಂಬಿದ ಸಿಲಿಂಡರೇ ಸಾಲದು, ಅರ್ಧ ಸಿಲಿಂಡರ್ ಎಲ್ಲಿಗೆ ಸಾಕು? ಬೇಕಾದದ್ದರ ಎರಡರಷ್ಟು ಹಾಕಿಕೊಂಡು ಹೊರಡಬೇಕು ಅನ್ನೋದು ರೂಢಿ. ಈ ಲೆಕ್ಕವನ್ನು ಅಟೆಂಡರ್‌ಗಳಿಗೆ ಹೇಳಿಕೊಡಿ. ನಮಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ, ಯಾಕೆಂದರೆ ಸಿಲಿಂಡರ್ ಹೊರುವವರು ಅವರೇ.

ಕೊಡಗಿನ ವಾರ್ಡಿನಲ್ಲಿ ಇನ್ನೊಂದು ವಿಷಯ ಇದೆ. ಒಬ್ಬರು ಕೊಡವ ತಕ್ಕ್ ಮಾತಾಡುತ್ತಾರೆ, ಪಕ್ಕದ ಬೆಡ್ಡಿನವರು ಅರೆಭಾಷೆ, ಆಚೆಯವರು ಮಲಯಾಳ. ಹಾಡಿಯಿಂದ ಬಂದ ಯರವ ಹೆಂಗಸು ಡಾಕ್ಟರ ಮುಂದೆ ಬಾಯಿ ಬಿಡುವುದೇ ಕಡಿಮೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನ ಕಾರ್ಮಿಕರೂ ಇದ್ದಾರೆ. ಹೊಟ್ಟೆನೋವಿಗೆ ಬೆಳಗ್ಗೆ ಯಾವ ಮಾತ್ರೆ ನುಂಗಿದರು, ಯಾವ ಮದ್ದು ಕುಡಿದರು ಅನ್ನೋದು ಆಯಾ ಹತ್ತಿರ ಹೇಳಿರುತ್ತಾರೆ. ಕೇಸ್ ಶೀಟಿನಲ್ಲಿ ಅದು ಇರುವುದಿಲ್ಲ. ಶಿಫ್ಟ್ ಮಾಡುವ ಮುಂಚೆ ಆಯಾ ಕಡೆ ತಿರುಗಿ "ಅಕ್ಕ, ನಿಮ್ಮ ಹತ್ರ ಏನಾದರೂ ಹೇಳಿದ್ರಾ?" ಅಂತ ಒಂದು ಮಾತು ಕೇಳಿದರೆ ಸಾಕು. ಇದಕ್ಕೆ ಫಾರಂನಲ್ಲಿ ಕಾಲಮ್ ಬೇಡ.

ಆಸ್ಪತ್ರೆಯ ಒಳಗಿನ ಶಿಫ್ಟಿಂಗ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನಿಮಗೆ ಗೊತ್ತಿರುತ್ತದೆ. ಬೆನ್ನುಮೂಳೆಗೆ ಪೆಟ್ಟಾಗಿರಬಹುದು ಅನ್ನೋ ರೋಗಿಯನ್ನು ಹೊರಳಿಸುವಾಗ ತಲೆ ಹಿಡಿದವರೇ ಎಣಿಸಬೇಕು, ಉಳಿದವರು ಅವರ ಮಾತಿಗೆ ಹೊರಳಿಸಬೇಕು. ತಲೆ ಹಿಡಿದವರು ನರ್ಸ್ ಆಗಿದ್ದು ಸೊಂಟ ಹಿಡಿದವರು ಸರ್ಜನ್ ಆಗಿದ್ದರೂ ಅಷ್ಟೇ. ಎದೆಗೆ ಟ್ಯೂಬ್ ಹಾಕಿದ್ದರೆ ಬಾಟಲಿ ಎದೆಯ ಮಟ್ಟಕ್ಕಿಂತ ಕೆಳಗೇ ಇರಲಿ. ಸಾಗಿಸುವಾಗ ಆ ಟ್ಯೂಬನ್ನು ಕ್ಲ್ಯಾಂಪ್ ಹಾಕಿ ಮುಚ್ಚುವ ಅಭ್ಯಾಸ ಇದ್ದರೆ ಬಿಡಿಸಿ. ಒಳಗಿನ ಗಾಳಿಗೆ ದಾರಿ ಇಲ್ಲದೆ ಶ್ವಾಸಕೋಶ ಒತ್ತಿಕೊಂಡರೆ ಲಿಫ್ಟಿನಲ್ಲೇ ಕಥೆ ಮುಗಿಯಬಹುದು.

ಹೊರಗೆ ಕಳಿಸುವಾಗ ಮುಖ್ಯವಾದದ್ದು ಕೈ ಬದಲಾಗುವ ಆ ಎರಡು ನಿಮಿಷ. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗಳಿಗೆ ಬಂದ ಎಸ್‌ಬಿಎಆರ್ ಪದ್ಧತಿಯನ್ನು ಎಲ್ಲ ಟ್ರೈನಿಂಗಿನಲ್ಲೂ ಹೇಳಿಕೊಡುತ್ತಾರೆ. ಈಗ ಏನಾಗಿದೆ, ಮೊದಲು ಏನಿತ್ತು, ನಮಗೆ ಏನು ಅನ್ನಿಸುತ್ತದೆ, ನೀವು ಏನು ಮಾಡಬೇಕು. ಒಳ್ಳೆಯದೇ. ಆದರೆ ಹೇಳುವವರು ಗ್ಲೌಸ್ ಬಿಚ್ಚುತ್ತಾ ಹೇಳಿ, ಕೇಳುವವರು ಸ್ಟ್ರೆಚರ್ ಬೆಲ್ಟ್ ಹಾಕುತ್ತಾ ಕೇಳಿದರೆ ಏನು ಬಂತು? ಎಲ್ಲರ ಕೈಯೂ ನಿಲ್ಲಬೇಕು. ಹೇಳಿದ್ದನ್ನು ಕೇಳಿದವರು ಒಂದು ಸಲ ತಿರುಗಿ ಹೇಳಬೇಕು.

ಒಂದು ಉದಾಹರಣೆ. ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ತಾಲ್ಲೂಕಿನಲ್ಲಿ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು ಕಳಿಸುತ್ತಾರೆ. ರಕ್ತನಾಳಕ್ಕೆ 4 ಗ್ರಾಂ, ಎರಡೂ ಪಿರ್ರೆಗೆ ಐದೈದು ಗ್ರಾಂ, ಒಟ್ಟು 14 ಗ್ರಾಂ. ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ, ಅದೂ ಮಂಡಿಯ ರಿಫ್ಲೆಕ್ಸ್, ಉಸಿರು, ಮೂತ್ರ ನೋಡಿಕೊಂಡು. ರೆಫರಲ್ ಲೆಟರಿನಲ್ಲಿ "ಮ್ಯಾಗ್‌ಸಲ್ಫ್ ಕೊಡಲಾಗಿದೆ" ಅಂತ ಮಾತ್ರ ಇದ್ದು ಸಮಯ ಇಲ್ಲದಿದ್ದರೆ ಅಲ್ಲಿನವರು ಏನು ಮಾಡಬೇಕು? ಬೇಗ ಕೊಟ್ಟರೆ ಉಸಿರು ನಿಲ್ಲುವ ಭಯ, ತಡ ಮಾಡಿದರೆ ಮತ್ತೆ ಫಿಟ್ಸ್. ಒಂದು ಗಂಟೆ-ನಿಮಿಷ ಬರೆಯದ್ದಕ್ಕೆ ಇಷ್ಟು.

ಹಾರ್ಟ್ ಅಟ್ಯಾಕ್ ಆದವರದ್ದೂ ಹೀಗೇ. ಬಂದ ರೋಗಿಯನ್ನು ಎರಡು ಗಂಟೆಯೊಳಗೆ ಕ್ಯಾಥ್ ಲ್ಯಾಬಿಗೆ ಸೇರಿಸಿ, ಕಟ್ಟಿಕೊಂಡ ಹೃದಯದ ರಕ್ತನಾಳವನ್ನು ಬಲೂನ್ ಹಾಕಿ ತೆರೆಸಲು ಆಗದಿದ್ದರೆ, ಮೊದಲು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಆಮೇಲೆ ಕಳಿಸಬೇಕು. ಇಲ್ಲಿಂದ ಮೈಸೂರಿನ ದೂರಕ್ಕೆ ಬೇರೆ ದಾರಿ ಎಲ್ಲಿದೆ? 2023ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆ ಇಂಜೆಕ್ಷನ್, ಅಂದರೆ ಟೆನೆಕ್ಟೆಪ್ಲೇಸ್, ಉಚಿತವಾಗಿ ಸಿಗುತ್ತದೆ. ಕೊಟ್ಟ ಸಮಯ, ಕೊಡುವ ಮುಂಚಿನ ಇಸಿಜಿ, ಆಮೇಲಿನ ಇಸಿಜಿ, ಮೂರೂ ರೋಗಿಯ ಜೊತೆ ಹೋಗಬೇಕು. ಇಸಿಜಿಯ ಫೋಟೋ ಡಾಕ್ಟರ ಫೋನಿನಲ್ಲಿ ಉಳಿದು ರೋಗಿ ಖಾಲಿ ಕೈಯಲ್ಲಿ ಹೋದದ್ದನ್ನು ನೋಡಿದ್ದೇನೆ.

ಆ ಎರಡು ನಿಮಿಷದ ಮಾತಿನಲ್ಲಿ 108 ಆಂಬುಲೆನ್ಸಿನಲ್ಲಿ ರೋಗಿಯನ್ನು ನೋಡಿಕೊಳ್ಳುವ ಇಎಂಟಿ ಜೊತೆ ಪೈಲಟ್, ಅಂದರೆ ಡ್ರೈವರ್ ಕೂಡ ನಿಂತಿರಲಿ. ಗಾಡಿ ಓಡಿಸೋರು ತಾನೇ ಅಂತ ಹೊರಗೆ ನಿಲ್ಲಿಸಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜೋಡುಪಾಲದ ಕಡೆ ರಸ್ತೆ ಹೋದಾಗ ಸಂಪಾಜೆ ಮೇಲೆ ಮಂಗಳೂರಿಗೆ ಹೋಗುವ ಮಾತೇ ಇರಲಿಲ್ಲ. ಈಗಲೂ ಜೋರು ಮಳೆಗೆ ಎಲ್ಲಿ ಮರ ಬಿದ್ದಿದೆ, ಎಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ ಅಂತ ಮೊದಲು ತಿಳಿಯುವುದು ಪೈಲಟ್‌ಗೆ. ದಾರಿಯಲ್ಲಿ ರೋಗಿ ಕೆಟ್ಟರೆ ಯಾವ ಆಸ್ಪತ್ರೆಗೆ ತಿರುಗಿಸೋದು ಅನ್ನೋದನ್ನು ಹೊರಡುವಾಗಲೇ ಮಾತಾಡಿಕೊಳ್ಳಿ. ಘಟ್ಟದಲ್ಲಿ ಸಿಗ್ನಲ್ ಹೋದ ಮೇಲೆ ಯಾರನ್ನು ಕೇಳೋದು? ಆ ಕಡೆಯ ಆಸ್ಪತ್ರೆಯಲ್ಲಿ ಫೋನ್ ಎತ್ತಿ "ಬೆಡ್ ಇದೆ, ಕಳಿಸಿ" ಅಂದವರ ಹೆಸರನ್ನೂ ಲೆಟರಿನಲ್ಲಿ ಬರೆಯಿರಿ.

ಇನ್ನು ಕ್ವಾಲಿಟಿ ವಿಷಯ. ಸರ್ಕಾರಿ ಆಸ್ಪತ್ರೆಗಳ ಗುಣಮಟ್ಟ ಅಳೆಯಲು ಕೇಂದ್ರದ ಎನ್‌ಕ್ಯೂಎಎಸ್ ಮಾನದಂಡ 2013ರಿಂದ ಇದೆ, ಸ್ವಚ್ಛತೆಗೆ ಪ್ರಶಸ್ತಿ ಕೊಡುವ ಕಾಯಕಲ್ಪ 2015ರಿಂದ ಇದೆ. ಬೈಯುವವರು ಬೈಯಲಿ, ಎನ್‌ಕ್ಯೂಎಎಸ್ ನನಗೆ ಇಷ್ಟವೇ. ಅದರಲ್ಲಿ ನೋಡುವುದು ಬರೀ ದಾಖಲೆ ಅಲ್ಲ. ಕಣ್ಣಾರೆ ನೋಡುತ್ತಾರೆ, ಸಿಬ್ಬಂದಿಯನ್ನು ಕೇಳುತ್ತಾರೆ, ರೋಗಿಯನ್ನು ಕೇಳುತ್ತಾರೆ, ಆಮೇಲೆ ಕಾಗದ. ನಾವು ಏನು ಮಾಡುತ್ತೇವೆ? ಹಿಂದಿನ ದಿನ ಆಯಾಗಳನ್ನು ಸಾಲಾಗಿ ನಿಲ್ಲಿಸಿ ಉತ್ತರ ಬಾಯಿಪಾಠ ಮಾಡಿಸುತ್ತೇವೆ! ಕೈ ತೊಳೆಯುವ ಹಂತಗಳನ್ನು ಮಗ್ಗಿ ಥರ ಒಪ್ಪಿಸುವ ಅಕ್ಕನಿಗೆ, ವಾರ್ಡಿನಲ್ಲಿ ಕೈ ತೊಳೆಯದ ಡಾಕ್ಟರಿಗೆ ಹೇಳುವ ಧೈರ್ಯ ಇರುವುದಿಲ್ಲ.

ಹಾಗಾಗಿ ನೀವು ಮೊದಲು ಕೂರಬೇಕಾದದ್ದು ಸೀನಿಯರ್ ಡಾಕ್ಟರ ಜೊತೆ. ಯಾರು ಬೇಕಾದರೂ "ನಿಲ್ಲಿ" ಅನ್ನಬಹುದು ಅಂತ ಸರ್ಕ್ಯುಲರ್ ಹೊರಡಿಸೋದು ಸುಲಭ. ಮೊದಲ ಸಲ ಒಬ್ಬ ಅಟೆಂಡರ್ ಟ್ರಾಲಿ ನಿಲ್ಲಿಸಿದಾಗ ಡಾಕ್ಟರ ಮುಖ ಹೇಗಿರುತ್ತದೆ ಅನ್ನೋದನ್ನು ಇಡೀ ಆಸ್ಪತ್ರೆ ನೋಡುತ್ತಿರುತ್ತದೆ. ಆ ದಿನ ಅವರು ಸಿಡುಕಿದರೆ ಇನ್ನು ಯಾರೂ ಬಾಯಿ ತೆರೆಯುವುದಿಲ್ಲ. ನಿಲ್ಲಿಸಿದ್ದು ಸುಮ್ನೆ ಅಂತ ಆಮೇಲೆ ಗೊತ್ತಾದರೂ "ನೋಡಿದ್ದು ಒಳ್ಳೆಯದಾಯ್ತು" ಅಂತ ಎಲ್ಲರ ಎದುರೇ ಹೇಳಬೇಕು. ಇದನ್ನು ಅವರಿಗೆ ಮೊದಲೇ ಹೇಳಿಟ್ಟಿರಿ. ನಮ್ಮದು ಸಣ್ಣ ಜಿಲ್ಲೆ, ಅರ್ಧ ಜನ ಒಬ್ಬರಿಗೊಬ್ಬರು ನೆಂಟರೋ ಊರಿನವರೋ. ಮುಖ ಮುರಿದುಕೊಳ್ಳಲು ಯಾರಿಗೂ ಇಷ್ಟವಿಲ್ಲ.

ತಪ್ಪಿದ ಅಪಾಯಗಳನ್ನು ಬರೆಯಲು ಒಂದು ಪುಸ್ತಕ ಇಡಿ, ಹೆಸರು ಬರೆಯುವುದು ಬೇಡ. ಬರೆಯಲು ಬಾರದವರು ಹೇಳಿದರೆ ನೀವೇ ಬರೆದುಕೊಳ್ಳಿ. ರೆಫರ್ ಆದ ರೋಗಿ ಹೇಗಿದ್ದಾರೆ ಅಂತ ಮರುದಿನ ಆ ಕಡೆ ಫೋನ್ ಮಾಡಿ, ನಮ್ಮ ಲೆಟರಿನಲ್ಲಿ ಏನು ಕಡಿಮೆ ಇತ್ತು ಅಂತಲೂ ಕೇಳಿ. ಮೊದಮೊದಲು ಅವರಿಗೆ ವಿಚಿತ್ರ ಅನ್ನಿಸುತ್ತದೆ, ಆಮೇಲೆ ಅವರೇ ಹೇಳಲು ಶುರು ಮಾಡುತ್ತಾರೆ. ಮತ್ತೆ, ಸಿಲಿಂಡರಿನ ಕೀಯನ್ನು ದಯವಿಟ್ಟು ಸಿಲಿಂಡರಿಗೇ ಸರಪಳಿ ಹಾಕಿ ಕಟ್ಟಿಸಿ, ಯಾರದ್ದೋ ಡ್ರಾಯರಿನಲ್ಲಿ ಬೀಗ ಹಾಕಿ ಇಡಬೇಡಿ.

ನಿಮ್ಮಲ್ಲಿ ರಾತ್ರಿ ಪಾಳಿಗೆ ಕ್ಯಾಶುವಾಲ್ಟಿಯಲ್ಲಿ ಎಷ್ಟು ಜನ ಇರುತ್ತಾರೆ, ರೋಗಿಯ ಜೊತೆ ನಿಮ್ಮ ನರ್ಸ್ ಹೋಗುತ್ತಾರಾ ಅಥವಾ ಇಎಂಟಿ ಒಬ್ಬರೇನಾ ಅಂತ ತಿಳಿಸಿ. ಒಬ್ಬರೇ ನರ್ಸ್ ಇರುವ ಪಾಳಿಯಲ್ಲಿ ಅವರನ್ನೂ ಗಾಡಿ ಹತ್ತಿಸಿದರೆ ವಾರ್ಡ್ ಯಾರು ನೋಡೋದು ಅನ್ನೋದು ಬೇರೆಯೇ ತಲೆನೋವು. ಅದಕ್ಕೆ ನಾವು ಮಾಡಿಕೊಂಡ ಏರ್ಪಾಡನ್ನು ಕಾಮೆಂಟಿನಲ್ಲಿ ಬರೆಯುತ್ತೇನೆ.