60 ಥಿಯೇಟರ್ ಬೇಡ, ಹತ್ತು ಸಾಕು

ಕಡಿಮೆ ಬಜೆಟ್‌ನ ಹಾರರ್ ಸಿನಿಮಾವನ್ನು ಮೊದಲ ವಾರವೇ 60 ಥಿಯೇಟರ್‌ಗಳಲ್ಲಿ ಬಿಡಬೇಕಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಥಿಯೇಟರ್‌ಗಳಿಗೆ ಸಿನಿಮಾವನ್ನು ಡಿಜಿಟಲ್ ಆಗಿ ತಲುಪಿಸುವ ಕ್ಯೂಬ್, ಯುಎಫ್‌ಒ ಕಂಪನಿಗಳ ಶುಲ್ಕ ಸ್ಕ್ರೀನ್ ಲೆಕ್ಕದಲ್ಲಿ ಕಟ್ಟಬೇಕು, ಅದರ ಮೇಲೆ ಸಿಂಗಲ್ ಸ್ಕ್ರೀನ್‌ನವರು ಬಾಡಿಗೆ ಕೇಳಿದರೆ ಜನ ಬರಲಿ ಬಿಡಲಿ ಆ ದುಡ್ಡು ನಿಮ್ಮ ಕೈಯಿಂದಲೇ ಹೋಗುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು ಸೇರಿ ಹತ್ತು ಸ್ಕ್ರೀನ್ ಸಾಕು, ಆದರೆ ಸಂಜೆ ಮತ್ತು ರಾತ್ರಿ ಶೋಗಳನ್ನೇ ಹಠ ಹಿಡಿದು ಕೇಳಿ. ದೆವ್ವದ ಸಿನಿಮಾಕ್ಕೆ ಜನ ಗುಂಪು ಕಟ್ಟಿಕೊಂಡು ಬರುವುದು ಆ ಹೊತ್ತಿಗೇ.

ಇನ್ನು ಸೆನ್ಸಾರ್. ಎ ಸರ್ಟಿಫಿಕೇಟ್ ಬಂದರೆ ಹಾಗೇ ಟಿವಿಯಲ್ಲಿ ಹಾಕುವಂತಿಲ್ಲ, ಮತ್ತೆ ಕತ್ತರಿ ಹಾಕಿಸಿ ಬೇರೆ ಸರ್ಟಿಫಿಕೇಟ್ ಪಡೆಯಬೇಕು. ಈಗ ಯುಎ 16+ (16 ವರ್ಷದೊಳಗಿನವರು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದು ಎನ್ನುವ ಸರ್ಟಿಫಿಕೇಟ್) ಇದೆ ಅಲ್ವಾ, ರಕ್ತದ ಶಾಟ್‌ಗಳನ್ನು ಸ್ವಲ್ಪ ಕಡಿಮೆ ಮಾಡಿದರೆ ಅದು ಸಿಗಬಹುದಾ ಎಂದು ಎಡಿಟರ್ ಜತೆ ಈಗಲೇ ಕೂತು ನೋಡಿ.