ಪ್ಲೇಯರಿನಲ್ಲಿ ಕೆಟ್ಟ ಸೋಬಾನೆ ಪದಗಳು ಮರಳಿ ಸಿಗುತ್ತವೆಯೇ?

ಪ್ರಶ್ನೆ: ನಮ್ಮ ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳನ್ನು ಪುಟ್ಟ ಎಂಪಿ3 ಪ್ಲೇಯರಿನಲ್ಲೇ ರೆಕಾರ್ಡ್ ಮಾಡಿ ಅದರ ಮೆಮೊರಿ ಕಾರ್ಡಿನಲ್ಲಿ ಇಟ್ಟುಕೊಂಡಿದ್ದೆ. ಮೊನ್ನೆ ಕಂಪ್ಯೂಟರಿನಿಂದ ಸಿನಿಮಾ ಹಾಡುಗಳನ್ನು ತುಂಬುತ್ತಿದ್ದಾಗ ಕರೆಂಟು ಹೋಯಿತು. ಈಗ ಫೈಲುಗಳ ಹೆಸರು ಅರ್ಥವಿಲ್ಲದ ಅಕ್ಷರಗಳಾಗಿವೆ, ಪ್ಲೇಯರ್ ನಡುವೆಯೇ ನಿಂತುಬಿಡುತ್ತದೆ, ಕಂಪ್ಯೂಟರ್ ‘ಫಾರ್ಮ್ಯಾಟ್ ಮಾಡಿ’ ಎನ್ನುತ್ತದೆ. ಮಾಡಲೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ದಯವಿಟ್ಟು ಮಾಡಬೇಡಿ, ಆ ಕಾರ್ಡಿಗೆ ಇನ್ನೊಂದು ಹಾಡನ್ನೂ ತುಂಬಬೇಡಿ. ಸಿನಿಮಾ ಹಾಡುಗಳು ಬೇರೆಡೆ ಸಿಗುತ್ತವೆ, ಅಜ್ಜಿಯ ದನಿ ಸಿಗುವುದಿಲ್ಲ. ಆದ್ದರಿಂದ ಪ್ಲೇಯರನ್ನು ಸರಿಪಡಿಸುವ ಮಾತು ಆಮೇಲಿನದು.

32 ಜಿಬಿವರೆಗಿನ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿರುತ್ತವೆ. ಯಾವ ಫೈಲಿನ ಯಾವ ತುಣುಕು ಎಲ್ಲಿದೆ ಎಂಬುದನ್ನು ಅದು ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಬರೆಯುವ ನಡುವೆ ವಿದ್ಯುತ್ ಕಡಿತವಾದರೆ ಮೊದಲು ಕೆಡುವುದು ಈ ದಾಖಲೆಯೇ. ಪಹಣಿಯಲ್ಲಿ ತಪ್ಪು ನಮೂದಾದ ಮಾತ್ರಕ್ಕೆ ಹೊಲ ಎಲ್ಲಿಗೂ ಹೋಗುವುದಿಲ್ಲವಷ್ಟೆ, ಹಾಗೆಯೇ ನಿಮ್ಮ ಧ್ವನಿಯ ಬಹುಭಾಗ ಕಾರ್ಡಿನಲ್ಲಿ ಇದ್ದಲ್ಲೇ ಇರುವ ಸಾಧ್ಯತೆ ಹೆಚ್ಚು. ಆದರೆ ಕೆಟ್ಟ ಪಟ್ಟಿ ಆ ಜಾಗವನ್ನು ಖಾಲಿಯೆಂದು ತೋರಿಸಿದರೆ ಹೊಸ ಹಾಡು ಅದರ ಮೇಲೆಯೇ ಕೂರುತ್ತದೆ. ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಇಡೀ ಕಾರ್ಡಿನ ಮೇಲೆ ಸೊನ್ನೆಗಳನ್ನು ಬರೆಯುವುದರಿಂದ ಆಮೇಲೆ ಯಾರಿಂದಲೂ ಏನನ್ನೂ ತೆಗೆಯಲಾಗದು.

ಕಾರ್ಡನ್ನು ಪ್ಲೇಯರಿನಿಂದ ಹೊರತೆಗೆದು ಕಾರ್ಡ್ ರೀಡರಿನ ಮೂಲಕ ಜೋಡಿಸಿ. ‘ವಿನ್32 ಡಿಸ್ಕ್ ಇಮೇಜರ್’ ಎಂಬ ಉಚಿತ ತಂತ್ರಾಂಶದಲ್ಲಿ ‘ರೀಡ್’ ಗುಂಡಿಯನ್ನು ಮಾತ್ರ ಒತ್ತಿ (‘ರೈಟ್’ ಒತ್ತಿದರೆ ಇರುವುದೂ ಅಳಿಯುತ್ತದೆ) ಇಡೀ ಕಾರ್ಡಿನ ಪ್ರತಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಮುಂದಿನ ಕೆಲಸವನ್ನೆಲ್ಲ ಆ ಪ್ರತಿಯ ಮೇಲೆ ಮಾಡಿ. ‘ಫೋಟೊರೆಕ್’ ಎಂಬ ಇನ್ನೊಂದು ಉಚಿತ ತಂತ್ರಾಂಶ, ಹೆಸರಿನಲ್ಲಿ ಫೋಟೊ ಇದ್ದರೂ, ಕೆಟ್ಟ ಪಟ್ಟಿಯನ್ನು ಬದಿಗಿಟ್ಟು ಪ್ರತಿ ಫೈಲಿನ ಆರಂಭದ ಗುರುತನ್ನು ಹುಡುಕಿ ಧ್ವನಿ ಫೈಲುಗಳನ್ನೂ ಹೊರತೆಗೆಯುತ್ತದೆ. ಹಳೆಯ ಹೆಸರುಗಳು ಬಹುತೇಕ ಬರುವುದಿಲ್ಲ; ಒಂದೊಂದನ್ನೂ ಕೇಳಿ ನೀವೇ ಹೆಸರಿಡಬೇಕು. ಇದು ತಾಳ್ಮೆಯ ಕೆಲಸ, ಆದರೆ ಬೇಸರಿಸದೆ ಮಾಡತಕ್ಕದ್ದು.

ಸಿಕ್ಕ ವೇವ್ (ಹೆಸರಿನ ಕೊನೆಯಲ್ಲಿ .wav ಇರುವ ಧ್ವನಿ) ಫೈಲಿನ ಅವಧಿ ಸೊನ್ನೆ ಎಂದು ಕಂಡರೂ ಅಳಿಸಬೇಡಿ. ಫೈಲಿನ ಒಟ್ಟು ಉದ್ದವನ್ನು ಅನೇಕ ಉಪಕರಣಗಳು ರೆಕಾರ್ಡಿಂಗ್ ನಿಲ್ಲಿಸಿದ ಮೇಲಷ್ಟೇ ಆರಂಭದ ಭಾಗದಲ್ಲಿ ಬರೆಯುತ್ತವೆ. ಅದು ತಪ್ಪಿದ್ದರೂ ಧ್ವನಿ ಒಳಗಿರಬಹುದು. ಧ್ವನಿ ಸಂಪಾದನೆಯ ಉಚಿತ ತಂತ್ರಾಂಶ ‘ಆಡಾಸಿಟಿ’ಯಲ್ಲಿ ‘ರಾ ಡೇಟಾ’ ಆಯ್ಕೆಯಿಂದ ತೆರೆದು, ಅದೇ ಪ್ಲೇಯರಿನ ಕೆಡದ ರೆಕಾರ್ಡಿಂಗಿನ ಗುಣಲಕ್ಷಣಗಳನ್ನೇ (ಸ್ಯಾಂಪಲ್ ರೇಟ್, ಚಾನೆಲ್ ಮುಂತಾದವು) ಕೊಟ್ಟು ನೋಡಿ. ಎಂಪಿ3 ಆಗಿದ್ದರೆ ಇನ್ನೂ ಸುಲಭ: ಅದು ಸೆಕೆಂಡಿನ ಸಣ್ಣ ಅಂಶದಷ್ಟಿರುವ ಚೌಕಟ್ಟುಗಳ ಸಾಲಾದ್ದರಿಂದ, ಒಂದೆಡೆ ಕೆಟ್ಟರೂ ಮುಂದಿನದು ಕೇಳಿಸುತ್ತದೆ.

ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಅಂಗಡಿಗೆ ಕೊಡುವುದಾದರೆ, ಪ್ಲೇಯರ್ ಸರಿಯಾಗುವುದಕ್ಕಿಂತ ಒಳಗಿನ ರೆಕಾರ್ಡಿಂಗ್ ಮುಖ್ಯವೆಂದು ಮೊದಲೇ ಸ್ಪಷ್ಟವಾಗಿ ಹೇಳಿ.

ಪದಗಳು ಎರಡು ಬೇರೆ ಬೇರೆ ಕಡೆ ಭದ್ರವಾದ ಬಳಿಕವಷ್ಟೇ ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಹಾಡು ತುಂಬಿ, ಪ್ರತಿ ಸಲ ‘ಇಜೆಕ್ಟ್’ ಮಾಡಿಯೇ ತೆಗೆಯಿರಿ. ಆಗಲೂ ಫೈಲುಗಳು ಕೆಡುತ್ತಿದ್ದರೆ ಕಾರ್ಡೇ ಸವೆದಿರಬಹುದು, ಹೊಸದನ್ನು ಕೊಳ್ಳಿ.