ಲೆಕ್ಕ ಸರಿಹೋಯಿತು, ಮಾತು ನಿಂತುಹೋಯಿತು

ದಾವಣಗೆರೆಯ ಸಹೋದರಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇದು:

"ಇಪ್ಪತ್ತೆರಡು ವರ್ಷದಿಂದ ಒಂದೇ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿದ್ದೇನೆ. ಹೋದ ಸುಗ್ಗಿ ಹಬ್ಬದಲ್ಲಿ, ಕಾಣಿಕೆಯಾಗಿ ಬಂದ ಬೆಳೆ-ಸಾಮಾನು ಹರಾಜು ಹಾಕಿದ ದುಡ್ಡು ನನ್ನ ಕೈಲಿತ್ತು. ಲೆಕ್ಕ ಒಪ್ಪಿಸುವಾಗ 1,840 ರೂಪಾಯಿ ಕಮ್ಮಿ ಬಂತು. ಸ್ತ್ರೀಯರ ಕೂಟದ ಒಬ್ಬರು ಎಲ್ಲರ ಮುಂದೆ 'ದುಡ್ಡು ಎಲ್ಲಿ ಹೋಯ್ತು ಅಂತ ಅವರನ್ನೇ ಕೇಳಿ' ಎಂದರು. ಎರಡು ದಿನ ಬಿಟ್ಟು ಚೀಟಿ ಸಿಕ್ಕಿತು. ಹಬ್ಬದ ಊಟಕ್ಕೆ ತಂದ ಗ್ಯಾಸ್ ಸಿಲಿಂಡರಿನ ದುಡ್ಡು ಅದು. ಲೆಕ್ಕ ಸರಿಹೋಯಿತು. ಅವರು ಮಾತ್ರ ಒಂದು ಮಾತೂ ಆಡಲಿಲ್ಲ. ಪಿ.ಬಿ. ರಸ್ತೆಯಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತೇವೆ. ನಾಲ್ಕು ತಿಂಗಳಿಂದ ಮನೆಯಲ್ಲೇ ಫೋನಿನಲ್ಲಿ ಆರಾಧನೆ ನೋಡುತ್ತಿದ್ದೇನೆ. ದೇವರು ಮನೆಯಲ್ಲೂ ಇದ್ದಾನಲ್ವಾ? ಇಂಥವರ ಮಧ್ಯೆ ಕೂತು ಪ್ರಾರ್ಥನೆ ಮಾಡಲೇಬೇಕಾ?"

ಸಹೋದರಿ,

ನಿಮಗೆ ಆದದ್ದು ಅನ್ಯಾಯ. ಅದನ್ನು ಮೊದಲೇ ಹೇಳುತ್ತೇನೆ. ನೊಂದವರು ಬಾಯಿ ಬಿಟ್ಟ ಕೂಡಲೇ "ಕ್ಷಮಿಸಿಬಿಡಿ" ಎಂದು ಬಾಯಿ ಮುಚ್ಚಿಸುವ ಅಭ್ಯಾಸ ನಮ್ಮ ಸಭೆಗಳಲ್ಲಿ ಜಾಸ್ತಿ. ಇಪ್ಪತ್ತೆರಡು ವರ್ಷ ನಿಮ್ಮನ್ನು ನೋಡಿದವರು ಎರಡು ದಿನ ಕಾಯಬಹುದಿತ್ತು. ಕಾಯಲಿಲ್ಲ. ನಾಲ್ಕು ಜನರ ಮುಂದೆ ಹೋದ ಮರ್ಯಾದೆ ಒಂದು ಚೀಟಿ ಸಿಕ್ಕ ಮಾತ್ರಕ್ಕೆ ವಾಪಸ್ ಬರುವುದಿಲ್ಲ.

ಅವರು ಲೆಕ್ಕ ಕೇಳಿದ್ದು ತಪ್ಪಲ್ಲ, ಇದನ್ನೂ ಹೇಳಬೇಕು. ಯೆರೂಸಲೇಮಿನ ಬಡವರಿಗೆಂದು ದುಡ್ಡು ಕೂಡಿಸಿದಾಗ ಅಪೊಸ್ತಲ ಪೌಲನು ಅದನ್ನು ಒಬ್ಬನ ಕೈಗೆ ಬಿಡಲಿಲ್ಲ. ತನ್ನ ಜೊತೆಗಾರ ತೀತನ ಜೊತೆ ಬೇರೆಯವರನ್ನೂ ಕಳಿಸಿದ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಎಂಟನೇ ಅಧ್ಯಾಯದಲ್ಲಿ ಕಾರಣವನ್ನೂ ಕೊಡುತ್ತಾನೆ: ಈ ದುಡ್ಡಿನ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಎಲ್ಲ ನೆಟ್ಟಗಿರಬೇಕು. ಸುಗ್ಗಿ ಹಬ್ಬದ ಹರಾಜು ಹೇಗಿರುತ್ತದೆಂದು ನಮಗೆಲ್ಲ ಗೊತ್ತು. ಮೆಕ್ಕೆಜೋಳದ ಚೀಲ, ಬಾಳೆಗೊನೆ, ಕಾಲು ಕಟ್ಟಿದ ಹುಂಜ, ಮುದುಕಿಯೊಬ್ಬಳು ತಂದ ಆರು ಮೊಟ್ಟೆ. ಒಂದು ತೆಂಗಿನಕಾಯಿ ಐನೂರಕ್ಕೆ ಹೋಗುತ್ತದೆ. ಕೆಲವರು ಅಲ್ಲೇ ಕೊಡುತ್ತಾರೆ, ಕೆಲವರು ಮುಂದಿನ ವಾರ ಅನ್ನುತ್ತಾರೆ. ಆ ಗದ್ದಲದಲ್ಲಿ ಒಬ್ಬರೇ ದುಡ್ಡು ಹಿಡಿದು ನಿಲ್ಲಬಾರದಿತ್ತು. ಇಬ್ಬರು ಎಣಿಸಿ, ಇಬ್ಬರೂ ಸಹಿ ಹಾಕಿ, ಮುಂದಿನ ಭಾನುವಾರ ಸಭೆಯಲ್ಲಿ ಓದಿಬಿಟ್ಟಿದ್ದರೆ ನೀವು ಈ ಪತ್ರ ಬರೆಯಬೇಕಾಗಿರಲಿಲ್ಲ. ಇದು ಸಭಾ ಸಮಿತಿಯ ತಪ್ಪು, ನಿಮ್ಮದಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ದೇವರು ಮನೆಯಲ್ಲೂ ಇದ್ದಾನೆ, ನಿಜ. ಹಾಸಿಗೆ ಹಿಡಿದವರಿಗೆ, ಆಸ್ಪತ್ರೆಯಲ್ಲಿರುವವರಿಗೆ ಫೋನಿನ ಆರಾಧನೆ ದೊಡ್ಡ ಆಸರೆ. ಆದರೆ ನಿಮ್ಮ ಕಾಲು ಗಟ್ಟಿಯಾಗಿದೆ. ನೀವು ಮನೆಯಲ್ಲಿ ಕೂತಿರುವುದು ಅವರ ಮುಖ ನೋಡಬಾರದು ಎಂದು.

ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದ ಆ ಮಾತು ನಿಮಗೆ ಬಾಯಿಪಾಠ ಇರುತ್ತದೆ: ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು, ಹೋಗಿ, ಮೊದಲು ಸಹೋದರನ ಜೊತೆ ಸಮಾಧಾನ ಮಾಡಿಕೋ. ಇನ್ನೊಮ್ಮೆ ನಿಧಾನವಾಗಿ ಓದಿ. "ನಿನಗೆ ಯಾರ ಮೇಲಾದರೂ ಸಿಟ್ಟಿದ್ದರೆ" ಎಂದು ಅಲ್ಲಿಲ್ಲ. ನಿನ್ನ ಮೇಲೆ ಯಾರಿಗಾದರೂ ಏನಾದರೂ ಇದ್ದರೆ ಎಂದಿದೆ. ತಪ್ಪು ಯಾರದು ಎಂದು ಯೇಸು ಕೇಳುವುದೇ ಇಲ್ಲ. ನೆನಪಾದವನು ಎದ್ದು ಹೋಗಬೇಕು, ಅಷ್ಟೇ. ಆತ ಈ ಮಾತು ಹೇಳಿದ್ದು ಗಲಿಲಾಯದವರಿಗೆ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನಡೆದರೆ ಮೂರು ನಾಲ್ಕು ದಿನದ ದಾರಿ. ನಮ್ಮ ಲೆಕ್ಕದಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ನಡೆದು ಹೋಗಿ ನಡೆದೇ ವಾಪಸ್ ಬಂದಷ್ಟು. ಅಷ್ಟು ದೂರ ಕಾಣಿಕೆ ಹೊತ್ತು ಬಂದವನಿಗೆ, ಬಿಟ್ಟು ವಾಪಸ್ ಹೋಗು ಅನ್ನುತ್ತಾನೆ. ನಿಮಗಿರುವುದು ಆಟೋದಲ್ಲಿ ಹತ್ತು ನಿಮಿಷದ ದಾರಿ.

ನಮ್ಮ ಸಿ.ಎಸ್.ಐ. ಆರಾಧನೆಯ ಕ್ರಮವೂ ಇದೇ ಮಾತಿನ ಮೇಲೆ ನಿಂತಿದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ದಕ್ಷಿಣ ಭಾರತ ಐಕ್ಯ ಸಭೆಯವರು ಒಂದಾದರು, ಸಿ.ಎಸ್.ಐ. ಹುಟ್ಟಿತು. ಅದಕ್ಕೆ ಮುಂಚೆ ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ, ಒಂದೇ ಮೇಜಿಗೆ ಬರಲು ಹಿಂದೆಮುಂದೆ ನೋಡುತ್ತಿದ್ದ ಜನ ಅವರು. ಮೂರು ವರ್ಷಕ್ಕೆ, 1950ರಲ್ಲಿ, ಕರ್ತನ ಭೋಜನಕ್ಕೆ ಹೊಸ ಕ್ರಮ ಬಂತು. ಕೇರಳದ ಸುರಿಯಾನಿ ಸಭೆಗಳ ಪದ್ಧತಿಯಿಂದ ಅದರಲ್ಲಿ 'ಶಾಂತಿ' ಕೊಡುವುದನ್ನು ಸೇರಿಸಿದರು. ಅಯ್ಯನವರ (ಸಭಾಪಾಲಕರ) ಕೈಯಿಂದ ಹೊರಟ ಶಾಂತಿ ಅಂಗೈಯಿಂದ ಅಂಗೈಗೆ, ಬೆಂಚಿನಿಂದ ಬೆಂಚಿಗೆ ಹಿಂದಿನ ಸಾಲಿನವರೆಗೂ ಹೋಗುತ್ತದೆ. ಅದು ಬರುವ ಜಾಗ ಗಮನಿಸಿದ್ದೀರಾ? ಕಾಣಿಕೆಗೆ ಮುಂಚೆ. ಮೊದಲು ಪಕ್ಕದವರ ಕೈ, ಆಮೇಲೆ ಕಾಣಿಕೆ.

ನಾನು ಬೆಳೆದದ್ದು ಚಿತ್ರದುರ್ಗ ಕಡೆಯ ಒಂದು ಸಣ್ಣ ಸಭೆಯಲ್ಲಿ. ನನಗೆ ಹನ್ನೆರಡು ವರ್ಷವಿದ್ದಾಗ ಸಮಿತಿ ಚುನಾವಣೆಯಲ್ಲಿ ನಮ್ಮಪ್ಪನಿಗೂ ಇನ್ನೊಬ್ಬ ಹಿರಿಯರಿಗೂ ಮಾತಿಗೆ ಮಾತು ಬೆಳೆದು ಮಾತೇ ನಿಂತಿತು. ಭೋಜನದ ಭಾನುವಾರ ಶಾಂತಿ ಕೊಡುವ ಹೊತ್ತಿಗೆ ಸರಿಯಾಗಿ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ಸೈಕಲ್ಲಿಗೆ ಬೀಗ ಹಾಕಿದ್ದೀನಾ ನೋಡಿ ಬರ್ತೀನಿ ಅನ್ನುತ್ತಿದ್ದರು. ಹೀಗೆ ನಾಲ್ಕು ಭೋಜನ ಕಳೆಯಿತು. ಅಪ್ಪ ಕೂತಿದ್ದ ಜಾಗದಲ್ಲಿ ಶಾಂತಿ ನಿಂತುಬಿಡುತ್ತಿತ್ತು. ಕೈ ಚಾಚಿದವರು ಖಾಲಿ ಬೆಂಚು ನೋಡಿ, ಬಗ್ಗಿ, ಆಚೆಯವರಿಗೆ ಮುಟ್ಟಿಸಬೇಕಾಗುತ್ತಿತ್ತು.

ಐದನೇ ಸಲದ ಹಿಂದಿನ ಶನಿವಾರ ಸಂಜೆ ಆ ಹಿರಿಯರೇ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಒಂದು ಚೀಲ ಹಸಿ ಶೇಂಗಾ. ಬೇರಿನ ಮಣ್ಣು ಇನ್ನೂ ಒಣಗಿರಲಿಲ್ಲ. ಅಮ್ಮ ಚಾಪೆ ಹಾಸಿದಳು. ಕೂತರು, ಚಹಾ ಕುಡಿದರು, ಮಳೆ ಕೈಕೊಟ್ಟ ವಿಷಯ ಮಾತಾಡಿದರು. ಚುನಾವಣೆಯ ಸುದ್ದಿ ಇಬ್ಬರೂ ಎತ್ತಲಿಲ್ಲ. ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾ, "ನಾಳೆ ಭೋಜನ ಐತಲ್ಲಣ್ಣ?" ಎಂದು ಕೇಳಿದರು. ಅಪ್ಪ "ಐತೆ" ಎಂದರು. ಮಾರನೇ ದಿನ ಅಪ್ಪ ಸೈಕಲ್ಲು ನೋಡಲು ಹೋಗಲಿಲ್ಲ.

ಅವರಿಬ್ಬರೂ ಜೀವದ ಗೆಳೆಯರೇನೂ ಆಗಲಿಲ್ಲ. ಸಮಿತಿಯಲ್ಲಿ ಕೊನೆವರೆಗೂ ಎದುರುಬದುರೇ ಇದ್ದರು. ಆದರೆ ಅಪ್ಪ ತೀರಿಕೊಂಡ ದಿನ ಗುಂಡಿ ತೋಡುವ ಜಾಗದಲ್ಲಿ ಬೆಳಿಗ್ಗೆಯಿಂದ ನಿಂತಿದ್ದವರು ಅವರೇ.

ನೀವೂ ಹಾಗೆ ಹೋಗಿ, ಸಹೋದರಿ. ಮುಂದಿನ ಭೋಜನಕ್ಕೆ ಮುಂಚೆಯೇ ಹೋಗಿ. ನೀವೇ ಯಾಕೆ ಹೋಗಬೇಕು ಎಂದು ಸಿಟ್ಟು ಬರುತ್ತದೆ. ಬರಲಿ. ಆದರೆ ನೊಂದವರಿಗೆ ಮಾತ್ರ ಗಾಯ ಎಲ್ಲಿದೆ ಎಂದು ಗೊತ್ತಿರುತ್ತದೆ. ಅವರಿಗೆ ಬಹುಶಃ ನಾಚಿಕೆ ಇದೆ, ಬಾಯಿ ಬರುತ್ತಿಲ್ಲ. ಸುಮ್ನೆ ನಕ್ಕು ಏನೂ ಆಗಿಲ್ಲ ಅನ್ನಬೇಡಿ, ಅದು ಸುಳ್ಳಾಗುತ್ತದೆ. "ಅವತ್ತು ಎಲ್ಲರ ಮುಂದೆ ನೀವು ಹಾಗೆ ಅಂದಾಗ ನನಗೆ ತುಂಬಾ ನೋವಾಯ್ತು" ಎಂದು ನೇರವಾಗಿ ಹೇಳಿ. ಮತ್ತಾಯ ಹದಿನೆಂಟರಲ್ಲಿರುವ ಕ್ರಮವೇ ಇದು. ಮೊದಲು ಇಬ್ಬರೇ, ಆಮೇಲೆ ಒಬ್ಬಿಬ್ಬರ ಜೊತೆ, ಕೊನೆಗೆ ಸಭೆ. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಮೊದಲು ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ, ಸಂಬಂಧಪಟ್ಟವರಿಗೆ ಕೊನೆಗೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಹೊಡೆತ, ಬೆದರಿಕೆ, ಮೈಮೇಲೆ ಕೈ ಹಾಕುವುದು ನಡೆದಿದ್ದರೆ ಒಬ್ಬರೇ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅದಕ್ಕೆ ಪೊಲೀಸ್ ಠಾಣೆ ಇದೆ. ನಿಮ್ಮದು ಅಂಥದ್ದಲ್ಲ.

ನಿಮ್ಮಿಂದ ಆಗದಿದ್ದರೆ ಮಧ್ಯೆ ಒಬ್ಬರನ್ನು ಕರೆಯಿರಿ. ಪೌಲನ ಕಾಲದಲ್ಲಿ ಫಿಲಿಪ್ಪಿ ಎಂಬ ಊರಿನ ಸಭೆಯಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರಿಗೆ ಮನಸ್ತಾಪ ಬಂದಿತ್ತು. ಇಬ್ಬರೂ ಸುವಾರ್ತೆಗಾಗಿ ಹೆಗಲು ಕೊಟ್ಟು ದುಡಿದವರು. ಪೌಲನು ಯಾರ ತಪ್ಪು ಎಂದು ತೀರ್ಪು ಕೊಡಲಿಲ್ಲ. ಇಬ್ಬರನ್ನೂ ಬೇರೆಬೇರೆಯಾಗಿ ಬೇಡಿಕೊಂಡ. ಅಲ್ಲೇ ಇದ್ದ ಒಬ್ಬ ಜೊತೆಗಾರನಿಗೆ, ಇವರಿಗೆ ಸಹಾಯ ಮಾಡು ಎಂದ.

ನಿಮ್ಮ ಸಭಾಪಾಲಕರಿಗೂ ಇದನ್ನು ಓದಿಸಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥಡಿಸ್ಟರ ಪ್ರಾರ್ಥನಾ ಮಂದಿರದ ಮೇಲೆ ಸಾಲ ಇತ್ತು. ಹನ್ನೆರಡು ಜನರಿಗೆ ಒಬ್ಬರಂತೆ ಮುಖಂಡರನ್ನು ಮಾಡಿ, ವಾರಕ್ಕೊಂದು ಪೆನ್ನಿ ವಸೂಲಿಗೆ ಮನೆಮನೆಗೆ ಕಳಿಸಿದರು. ದುಡ್ಡಿಗೆ ಹೋದವರಿಗೆ ಮನೆಯ ಜಗಳ, ಕುಡಿತ, ಕಾಯಿಲೆ ಎಲ್ಲ ಕಣ್ಣಿಗೆ ಬಿತ್ತು. ಬಂದು ಮೆಥಡಿಸ್ಟರ ನಾಯಕ ಜಾನ್ ವೆಸ್ಲಿಗೆ ಹೇಳಿದರು. ಆ ವಸೂಲಿಯೇ ವಾರವಾರ ಕೂತು ಒಬ್ಬರನ್ನೊಬ್ಬರು ವಿಚಾರಿಸುವ ಕೂಟವಾಯಿತು. ನೀವು ನಾಲ್ಕು ತಿಂಗಳು ಬರಲಿಲ್ಲ, ಒಬ್ಬರೂ ಬಾಗಿಲು ತಟ್ಟಲಿಲ್ಲ ಎಂದು ಪತ್ರದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀರಿ. ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಆ ಸಾಲು. ಅದಕ್ಕೆ ಇಡೀ ಸಭೆ ಉತ್ತರ ಕೊಡಬೇಕು.

ಹೋಗಿ ಬಂದ ಮೇಲೆ ಎರಡು ಸಾಲು ಬರೆಯಿರಿ. ಅವರು ಬಾಗಿಲು ತೆರೆಯದಿದ್ದರೂ ಬರೆಯಿರಿ.

— ಸಂಪಾದಕ